ಅಚ್ಚು ಕೂರದ ಅಂಗೈ

ಬಟ್ಟೆಗಾದರೆ ನನಗೆ ಗೊತ್ತು.
ಬಟರ್ ಪೇಪರಿನ ಮೇಲೆ ನವಿಲು ಬರೆದು
ಗೆರೆಗುಂಟ ಸೂಜಿಯಲ್ಲಿ ತೂತು ಚುಚ್ಚಿ
ಸೀಮೆಎಣ್ಣೆಗೆ ನೀಲಿಪುಡಿ ಕಲಸಿ
ಹಳೇ ಬನಿಯನ್ನಿನ ಚೂರಲ್ಲಿ ಒಂದೇ ಸಲ ಒರೆಸಿದರೆ
ಕುಪ್ಪಸದ ತೋಳಿಗೆ ಇಳಿದೇ ಇಳಿಯುತ್ತಿತ್ತು.
ಚೌಕಿಪೇಟೆಯ ಅಟ್ಟದಲ್ಲಿ ಹದಿನೆಂಟು ವರ್ಷ
ಇದೇ ಕೆಲಸ.
ಬಟ್ಟೆ ಬೆವರುವುದಿಲ್ಲ,
ಕಚಗುಳಿ ಎಂದು ತೋಳು ಎಳೆದುಕೊಳ್ಳುವುದಿಲ್ಲ.

ಕಂಪ್ಯೂಟರ್ ಕಸೂತಿ ಬಂದ ಮೇಲೆ
ನನ್ನ ನವಿಲುಗಳು ಟ್ರಂಕಿನಲ್ಲಿ ಮಲಗಿವೆ
ಮೈತುಂಬ ತೂತು ಹೊತ್ತು.
ನಲವತ್ಮೂರಕ್ಕೆ ನಾನು ಮತ್ತೆ ಒಂದನೇ ಕ್ಲಾಸು:
ಬಾಷಾನಗರ, ಮಾಳಿಗೆ ಮೇಲೆ ಚಾಪೆ,
ಹತ್ತೊಂಬತ್ತರ ನಾಜ್ನೀನ್ ಮೇಡಂ.

"ಮೊದ್ಲು ಕೈ ತೊಳೆಸ್ರಿ, ಒರೆಸ್ರಿ,
ಚರ್ಮದಾಗೆ ಎಣ್ಣೆ ಇರಬಾರದು.
ತೆಳುಕಾಗದದ ಮೇಲೆ ಜೆಲ್ ಪೆನ್ನಿಂದ ತಿದ್ದಿಕೊಳ್ರಿ.
ಸ್ಯಾನಿಟೈಸರ್ ಒಂದು ಹನಿ;
ಹೆಚ್ಚಾದ್ರೆ ಗೆರೆ ಅಳ್ತದೆ.
ಒತ್ರಿ, ಹದಿನೈದು ಎಣಿಸ್ರಿ, ಅಲುಗಬ್ಯಾಡ್ರಿ.
ಎತ್ತೋವಾಗ ಅಂಚಿಂದ, ದೋಸೆ ಎತ್ತಿದಂಗೆ.
ಆಮೇಲೆ ಆ ನೀಲಿ ಮೇಲೆ ಕೋನ್ ನಡೆಸ್ರಿ. ಅಷ್ಟೆ."

ಅಷ್ಟೇ ಅಲ್ಲ.
ಎಡಗೈಗೆ ನನ್ನದೇ ಹೆಸರು ಒತ್ತಿಕೊಂಡು ನೋಡಿದರೆ
ಕೊಟ್ರಮ್ಮ
ನನಗೇ ಬೆನ್ನು ತಿರುಗಿಸಿ ಕೂತಿದ್ದಳು.
ಮೇಡಂ ಬಿದ್ದು ಬಿದ್ದು ನಕ್ಕರು:
"ಹೆಸರಿದ್ರೆ ಕಾಗದ ಮಗುಚಿ
ಹಿಂದ್ಗಡೆಯಿಂದ ಬರೀಬೇಕ್ರಿ ಅಕ್ಕಾ."

ನಗು ಕೇಳಿ ಕೆಳಗಿನಿಂದ ಹತ್ತಿ ಬಂದಳು ಅವರಜ್ಜಿ, ಜೈತುನ್‌ಬೀ.
ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ
ಕಾದ ಮರಳಿನ ಮುಂದೆ ನಿಂತವಳು.
"ನನ್ ಕೈ ಮ್ಯಾಲೆ ಕಲಿ. ಇದು ಕೆಡೋದೇನೂ ಉಳಿದಿಲ್ಲ."

ಆ ಅಂಗೈ!
ಎಷ್ಟೋ ಕಾಲು ಹತ್ತಿಳಿದ ಮೆಟ್ಟಿಲುಗಲ್ಲಿನ ನುಣುಪು.
ಒತ್ತಿದೆ. ಹದಿನೈದು ಎಣಿಸಿದೆ. ಅಂಚಿನಿಂದ ಎತ್ತಿದೆ.
ನವಿಲಿನ ಒಂದು ಕಾಲು, ಎರಡು ಚುಕ್ಕೆ.
ಇನ್ನೊಂದು ಸಲ, ಮೂವತ್ತರವರೆಗೆ.
ಮಿಕ್ಕ ನವಿಲು ಕಾಗದ ಬಿಟ್ಟು ಬರಲೇ ಇಲ್ಲ.

"ರೇಷನ್ ಅಂಗಡಿ ಮಷಿನ್ನೂ ಹಿಂಗೇ," ಅಂದಳು.
"ಬೆರಳಿಡು ಅಂತದೆ, ಒರೆಸಿಡು ಅಂತದೆ,
ಆಮೇಲೆ ನೀನು ನೀನಲ್ಲ ಅಂತದೆ.
ನನ್ ಗೆರೆ ಎಲ್ಲಾ ಮಂಡಕ್ಕಿ ಜೊತಿಗೇ
ಚೀಲದಾಗೆ ತುಂಬಿ ಊರೂರಿಗೆ ಹೋದ್ವು ಕಣವ್ವಾ.
ಕಾಗದ ಬಿಸಾಕು. ಕೋನ್ ತಗಾ.
ಹೆಬ್ಬೆಟ್ಟು ಮಾತ್ರ ಖಾಲಿ ಬಿಡು,
ಸೋಮವಾರ ಅಕ್ಕಿ ಕೊಡ್ತಾರೆ."

ನೀಲಿಯಿಲ್ಲದ ಅಂಗೈ ಮೇಲೆ
ಹದಿನೆಂಟು ವರ್ಷದ ಕೈ ನಡುಗಿತು.
ಕೊಕ್ಕು ಮೊಂಡಾಯಿತು, ಗರಿ ಎರಡು ಕಡಿಮೆ ಬಿದ್ದವು,
ಕುತ್ತಿಗೆ ಇರಬೇಕಾದಲ್ಲಿ ಒಂದು ಗಂಟು.
ಅವಳು ಕೈ ದೂರ ಹಿಡಿದು ನೋಡಿದಳು:
"ಕೋಳಿ.
ಇರಲಿ ಬಿಡು, ಮೊಟ್ಟೆನಾದ್ರೂ ಇಡ್ತದೆ."

ಬೆಳಿಗ್ಗೆ ನನ್ನ ಎಡಗೈಯ ಕೊಟ್ರಮ್ಮ
ತೆಳ್ಳನೆ ಕಿತ್ತಳೆ, ಆಗಲೇ ಅಳಿಸಿಹೋಗುವಂತೆ.
ಅವಳ ಕೋಳಿ
ಕಾಯಿಸಿದ ಬೆಲ್ಲದ ಹಾಗೆ, ಕರಿಗೆಂಪು.
"ದಪ್ಪ ಚರ್ಮ ಬಣ್ಣ ಜಾಸ್ತಿ ಕುಡೀತದೆ,"
ನೋಟ್‌ಬುಕ್ಕಿನಿಂದ ತಲೆ ಎತ್ತದೆ ಅಂದರು ಮೇಡಂ.

ಸೋಮವಾರ ಸಾಲಿನಲ್ಲಿ ಅವಳ ಹಿಂದೆ ನಾನಿದ್ದೆ.
ಖಾಲಿ ಹೆಬ್ಬೆಟ್ಟು ಇಟ್ಟಳು, ಒರೆಸಿ ಇಟ್ಟಳು,
ಸೆರಗಿಗೆ ತಿಕ್ಕಿ, ಉಸಿರು ಊದಿ ಇಟ್ಟಳು.
ಮಷಿನ್ನು ಹುಡುಕುತ್ತಲೇ ಇತ್ತು.
ಅಂಗಡಿಯ ಹುಡುಗ ಬೇಜಾರಿಗೆ
ಅವಳ ಅಂಗೈ ತಿರುಗಿಸಿ ನೋಡಿದ:
"ಇದೇನಜ್ಜಿ, ಕೋಳಿನಾ?"

ಜೈತುನ್‌ಬೀ ಕೈ ಹಿಂದಕ್ಕೆಳೆದುಕೊಂಡಳು.
"ಕಣ್ಣು ಕಾಣಲ್ವೇನೋ,
ನವಿಲು."